ಎರಡು ಬೆರಳು ವಾಟ

ಗಾಜು ಕೂಡಿಸುವವನಿಗೆ ಬರೆಯಲು ಏನಿರುತ್ತದೆ ಎಂದು ನನ್ನ ಹೆಂಡತಿ ನಕ್ಕಳು. "ಒಡದಿದ್ದ ತಗದ್ರಿ, ಹೊಸಾದ ಹಾಕಿದ್ರಿ. ಅಲ್ಲಿಗೆ ಮುಗೀತಲ್ಲ?" ಎಂದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಮೂವತ್ತೆಂಟು ವರ್ಷ ನಾನು ಮಾಡಿದ್ದು ಅಷ್ಟೇ. ಆದರೆ ಕಡೆಯ ನಾಲ್ಕು ವರ್ಷ ಆ ಗಾಜಿನ ಹಿಂದೆ ಒಂದು ಕಣ್ಣು ಬಂದು ಕುಳಿತಿತು. ಆ ಕಣ್ಣಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಬರೆಯದೆ ಬಿಟ್ಟರೆ ಈಗ ಈ ಕೆಲಸಕ್ಕೆ ಸೇರುತ್ತಿರುವ ನೀವೂ ಅದನ್ನೇ ಮಾಡುತ್ತೀರಿ. ಸನ್ಮಾನ, ಶಾಲುಗಳ ಸುದ್ದಿ ಇಲ್ಲಿಲ್ಲ. ನನಗೆ ಒಂದೇ ಒಂದು ಶಾಲು ಹೊದಿಸಿದ್ದರು, ಅದರ ಮೇಲೆ ಈಗ ಮನೆಯವರು ಇಸ್ತ್ರಿ ಮಾಡುತ್ತಾರೆ.

ನನ್ನ ಹೆಸರು ಫಕ್ಕೀರಪ್ಪ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಗಾಡಿ ಇದ್ದವರಿಗೆ ನಾನು ಗ್ಲಾಸ್ ಫಕ್ಕೀರಪ್ಪ. ಕೆಲಸ ಕಲಿತದ್ದು ಸವಣೂರಿನ ಒಬ್ಬ ಉಸ್ತಾದರ ಕೈಯಲ್ಲಿ. ಆಗ ಲಾರಿ, ಬಸ್ಸುಗಳ ಮುಂದಿನ ಗಾಜು ರಬ್ಬರಿನಲ್ಲಿ ಕೂಡುತ್ತಿತ್ತು. ರಬ್ಬರಿನ ಸೀಳಿನೊಳಗೆ ಸುತ್ತಲೂ ಒಂದು ಹಗ್ಗ ಇಟ್ಟು, ಸೋಪಿನ ನೀರು ಹಚ್ಚಿ, ಹೊರಗಿನಿಂದ ಒಬ್ಬ ಅಂಗೈಯಿಂದ ಗಾಜನ್ನು ಒತ್ತಬೇಕು. ಒಳಗಿನಿಂದ ಇನ್ನೊಬ್ಬ ಹಗ್ಗ ಎಳೆಯುತ್ತ ಹೋಗಬೇಕು. ಹಗ್ಗ ಬಂದಂತೆ ರಬ್ಬರಿನ ತುಟಿ ತಗಡನ್ನು ಕಚ್ಚುತ್ತದೆ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಒಂದು ಮೂಲೆ ಕೂಡಲಿಲ್ಲವೆಂದು ಮುಷ್ಟಿಯಿಂದ ಗುದ್ದಿದೆ. ಲಾರಿಯ ಗಾಜು ಉದ್ದಕ್ಕೂ ಸೀಳಿತು. ಉಸ್ತಾದರು ಬೈಯಲಿಲ್ಲ, ಬೀಡಿ ಹಚ್ಚಿದರು.

"ಜೋರ್ ಮಾಡಬ್ಯಾಡ ಬೇಟಾ. ಗಾಜಿಗೆ ಸಿಟ್ಟ ತಿಳೀತೈತಿ," ಎಂದರು.

ಗಾಜಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ಆ ಸಿಟ್ಟು ಕಡೆಯವರೆಗೂ ನನ್ನ ಜೊತೆಗೇ ಬಂತು.

ಆಮೇಲೆ ರಬ್ಬರು ಹೋಗಿ ಕರಿ ಅಂಟು ಬಂತು. ಗಾಜನ್ನು ಗಾಡಿಯ ಚೌಕಟ್ಟಿಗೆ ಅಂಟಿಸಿ, ಅದು ಗಟ್ಟಿಯಾಗುವ ತನಕ ಗಾಡಿ ಅಲುಗಿಸಬಾರದು. ನಮ್ಮ ಜನರಿಗೆ ಕಾಯುವುದೆಂದರೆ ಜೀವ ಹೋದ ಹಾಗೆ. "ಅಂಟಿಸಿದ್ರಲ್ಲ, ಇನ್ನೇನ ನೋಡೂದೈತಿ?" ಎಂದು ಕೀಲಿ ಕಸಿದುಕೊಳ್ಳುತ್ತಿದ್ದರು. ನಾನು ಕೀಲಿಯನ್ನು ನನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋಗಿಬಿಡುತ್ತಿದ್ದೆ. ನೀವೂ ಹಾಗೇ ಮಾಡಿ.

ಆ ಹೊತ್ತಿಗೆ ನಾನು ಬಂಕಾಪುರದ ಹತ್ತಿರ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿನಲ್ಲಿದ್ದೆ. ಅದರ ಮಾಲೀಕರನ್ನು ನಾವೆಲ್ಲ ಸಾವ್ಕಾರರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಹೆಸರು ಕೆಡುತ್ತದೆಂದು ಬಲು ಹೆದರುತ್ತಿದ್ದರು.

ಕಣ್ಣಿರುವ ಮೊದಲ ಗಾಡಿ ಬಂದದ್ದು ಹಿರೇಕೆರೂರಿನ ಒಬ್ಬ ಬೀಜದ ವ್ಯಾಪಾರಿಯದು. ಒಳಗನ್ನಡಿಯ ಹಿಂದೆ, ಗಾಜಿಗೆ ತಾಗಿದಂತೆ, ಒಂದು ಕರಿ ಡಬ್ಬಿ, ಅದರೊಳಗೆ ರಸ್ತೆ ನೋಡುವ ಕ್ಯಾಮೆರಾ. ನಾನು ಅದನ್ನು ಕಳಚಿ ಪಕ್ಕಕ್ಕಿಟ್ಟು, ಹೊಸ ಗಾಜು ಅಂಟಿಸಿ, ಡಬ್ಬಿಯನ್ನು ಮತ್ತೆ ಅದರ ಹಿಡಿಕೆಯಲ್ಲಿ ಕೂಡಿಸಿದೆ. ಕಟಕ್ ಅಂತು. ಮುಗಿಯಿತು ಎಂದುಕೊಂಡೆ. ನಾಲ್ಕನೆಯ ದಿನ ವ್ಯಾಪಾರಿ ತಿರುಗಿ ಬಂದ.

"ಏನ್ ಮಾಡೀರಿ ಮಾರಾಯರ ನೀವು? ಹೈವೇದಾಗ ಸ್ಟೇರಿಂಗ್ ತಾನ ಎಡಕ್ಕ ಜಗ್ಗತೈತಿ. ಗಾಡಿ ಒಳಗ ಯಾವುದಾರ ದೆವ್ವ ಕುಂತೈತೇನು?"

ಮೂರು ದಿನ ನಾನು ಆ ಗಾಡಿಯ ಗಾಲಿ ನೋಡಿದೆ, ಟೈಯರಿನ ಗಾಳಿ ನೋಡಿದೆ, ಸ್ಟೇರಿಂಗಿನ ಕಡ್ಡಿ ಬಿಚ್ಚಿದೆ. ಏನೂ ಸಿಗಲಿಲ್ಲ. ನಾಚಿಕೆ ಬಿಟ್ಟು ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಲ್ಲಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು, ಸುಜಾತಾ ಅಂತ. ನನ್ನ ಮಗಳ ವಯಸ್ಸು, ಆದರೂ ನಾವು ಮೇಡಂ ಎಂದೇ ಕರೆದೆವು. ಗಾಜಿನ ಹಿಂದೆ ಬೆರಳು ತೋರಿಸಿ ಹೇಳಿದಳು:

"ಕಾಕಾ, ಗಾಲೀದಾಗ ಏನೂ ಇಲ್ಲ. ಇದರ ಕಣ್ಣ ಹೊಸಾ ಜಾಗಾದಾಗ ಕುಂತೈತಿ. ಕೂದಲೆಳಿಯಷ್ಟ ಸೊಟ್ಟ ಕುಂತ್ರೂ ದೂರದಾಗ ಅದು ಒಂದು ಮಾರು ಫರಕ ಆಗತೈತಿ. ರಸ್ತೇದ ಬಿಳಿ ಗೆರಿ ಎಲ್ಲೈತಿ ಅಂತ ತಪ್ಪ ತಿಳ್ಕೊಂಡು ಸ್ಟೇರಿಂಗ್ ಜಗ್ಗಾಕತ್ತೈತಿ. ನೀನು ಎತ್ತ ನೋಡಾಕತ್ತಿ ಅಂತ ಅದಕ್ಕ ತೋರಿಸಿಕೊಡಬೇಕು."

ಹಾಗೆ ತೋರಿಸಿಕೊಡುವುದಕ್ಕೆ ಇಂಗ್ಲಿಷಿನಲ್ಲಿ ಕ್ಯಾಲಿಬ್ರೇಶನ್ ಎನ್ನುತ್ತಾರೆ. ನಾವು ಕಣ್ಣು ಕೂಡಿಸುವುದು ಎನ್ನುತ್ತಿದ್ದೆವು. ಗಾಡಿಯ ಮುಂದೆ, ಅಳತೆ ಮಾಡಿದ ದೂರದಲ್ಲಿ, ಅಳತೆ ಮಾಡಿದ ಎತ್ತರದಲ್ಲಿ, ಕಪ್ಪು ಬಿಳುಪು ಚೌಕಗಳ ಒಂದು ಬೋರ್ಡು ನಿಲ್ಲಿಸಬೇಕು. ಗಾಡಿಯಲ್ಲಿ ಹೆಚ್ಚಿನ ಭಾರ ಇರಬಾರದು, ಟೈಯರಿನ ಗಾಳಿ ಸರಿಯಿರಬೇಕು. ಬೋರ್ಡು ಎಲ್ಲಿದೆ ಎಂದು ಕಂಪ್ಯೂಟರಿಗೆ ಮೊದಲೇ ಗೊತ್ತಿರುತ್ತದೆ. ಕ್ಯಾಮೆರಾಕ್ಕೆ ಅದು ಎಲ್ಲಿ ಕಾಣುತ್ತದೆ ಎಂದು ನೋಡಿ, ನಡುವಿನ ಫರಕನ್ನು ಲೆಕ್ಕ ಹಾಕಿ, ಅಷ್ಟನ್ನು ಇನ್ನು ಮೇಲೆ ತಿದ್ದಿಕೊಳ್ಳುತ್ತದೆ. ಆಮೇಲೆ ಹಸಿರು ಗುರುತು ಬರುತ್ತದೆ. ಕೆಲವು ಗಾಡಿಗಳನ್ನು ಅಷ್ಟರ ಮೇಲೆ ರಸ್ತೆಯಲ್ಲೂ ಓಡಿಸಬೇಕು, ಬಿಳಿ ಗೆರೆ ಸ್ಪಷ್ಟವಾಗಿ ಇರುವಲ್ಲಿ. ನಮ್ಮ ಒಳರಸ್ತೆಗಳಲ್ಲಿ ಗೆರೆ ಹುಡುಕುವುದೆಂದರೆ ಬೋಳುತಲೆಯಲ್ಲಿ ಬೈತಲೆ ಹುಡುಕಿದಂತೆ. ಅದಕ್ಕೇ ಹೆದ್ದಾರಿಗೆ ಹೋಗುತ್ತಿದ್ದೆವು.

ಈ ಕಣ್ಣಿನ ಬಗ್ಗೆ ಜನರಿಗೆ ಎರಡು ತರದ ಹುಚ್ಚು. ಕೆಲವರು ಅದನ್ನು ದೇವರೆಂದು ತಿಳಿದಿದ್ದಾರೆ, ಕೆಲವರು ಆಟಿಕೆ ಎಂದು. ಎರಡೂ ಅಲ್ಲ. ಎದುರಿಗೆ ಬಿಸಿಲು ಹೊಡೆದರೆ ಅದಕ್ಕೂ ಕಣ್ಣು ಕುಕ್ಕುತ್ತದೆ. ಮಂಜಿದ್ದರೆ ಕಾಣುವುದಿಲ್ಲ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರು ಸಂಜೆ ಹೊತ್ತು ನಿಮಗೆ ಕಾಣದಿದ್ದರೆ ಅದಕ್ಕೂ ಕಾಣಲಿಕ್ಕಿಲ್ಲ. ಒಂದು ದಸರೆ ಮುಗಿದ ಮೇಲೆ ಬಂಕಾಪುರದ ಒಬ್ಬರು, ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂದು ಗಾಡಿಯ ತೆರೆಯ ಮೇಲೆ ಬರುತ್ತಿದೆ ಎಂದು ಓಡಿ ಬಂದರು. ನೋಡಿದರೆ ಖಂಡೇಪೂಜೆಯಲ್ಲಿ ಮುಂದಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದಾರೆ, ಸರಿಯಾಗಿ ಆ ಕಣ್ಣಿನ ಮೇಲೆಯೇ. ನಾನು ಬಟ್ಟೆ ಎತ್ತಿದ್ದೇ ತಡ, ಅವರು ಕೈ ಹಿಡಿದರು.

"ಹೇ, ಹೇ! ವಿಭೂತಿ ಒರಸಬ್ಯಾಡ್ರಿ!"

"ಶಿವಗ ಬಾನೆಟ್ ಮ್ಯಾಲ ಜಾಗಾ ಕೊಡೂಣ್ರಿ. ಇಲ್ಲೆ ಕುಂತ್ರ ಗಾಡೀಗೆ ದಾರಿ ಕಾಣಂಗಿಲ್ಲ," ಎಂದೆ. ಅವರು ಚಪ್ಪಲಿ ಬಿಟ್ಟು, ಕೈ ಮುಗಿದು, ತಾವೇ ಒರೆಸಿದರು. ನಾನು ನಗು ತಡೆದುಕೊಂಡೆ.

ಇಂಥ ಗಾಡಿಗಳು ಹೆಚ್ಚಾದವು. ಪ್ರತಿ ಸಲ ಹುಬ್ಬಳ್ಳಿಗೆ ಕಳಿಸುವುದೇಕೆಂದು ಸಾವ್ಕಾರರು ಬೋರ್ಡು, ಯಂತ್ರ ಎಲ್ಲ ತರಿಸಿದರು. ಮೇಡಂ ಒಂದು ಷರತ್ತು ಹಾಕಿದಳು. ಗಾಡಿ ನಿಲ್ಲುವ ಜಾಗದಿಂದ ಬೋರ್ಡಿನ ತನಕ ನೆಲ ಒಂದೇ ಮಟ್ಟ ಇರಬೇಕು. ನಮ್ಮ ಹಳೆಯ ಶೆಡ್ಡಿನ ನೆಲ ಕಿತ್ತುಹೋಗಿತ್ತು. ಗೌಂಡಿ ಯಲ್ಲಪ್ಪನನ್ನು ಕರೆಸಿ ಹೊಸದಾಗಿ ಕಾಂಕ್ರೀಟ್ ಹಾಕಿಸಿದೆವು. ನಿಂತು ಮಾಡಿಸಿದವನು ನಾನು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ವಾಟ ಇಲ್ಲದ ನೆಲವನ್ನು ಯಾರೂ ಹಾಕುವುದಿಲ್ಲ. ವಾಟ ಅಂದರೆ ನೀರು ಹರಿದುಹೋಗಲು ಕೊಡುವ ಇಳಿಜಾರು. ಬಚ್ಚಲಿಗೆ ವಾಟ, ಮಾಳಿಗೆಗೆ ವಾಟ, ಅಂಗಳಕ್ಕೆ ವಾಟ. ಹೊಸ ಮನೆಗೆ ಹೋದ ಹೆಣ್ಣುಮಕ್ಕಳು ಒಂದು ತಂಬಿಗೆ ನೀರು ಚೆಲ್ಲಿ, ಅದು ಎತ್ತ ಹೋಗುತ್ತದೆಂದು ನೋಡಿಯೇ ಗೌಂಡಿಗೆ ಶಹಬ್ಬಾಸ್ ಹೇಳುವುದು. ಕಾಂಕ್ರೀಟ್ ಹಾಕುವ ದಿನ ಯಲ್ಲಪ್ಪ ಕೈಯಲ್ಲಿ ಪಟ್ಟಿ ಹಿಡಿದು ಕೇಳಿದ:

"ಅಣ್ಣಾ, ವಾಟ ಎತ್ತ ಕೊಡ್ಲಿ?"

"ಗಾಡಿ ನಿಂದರೂ ಜಾಗಾ ಮಟ್ಟ ಇರ್ಲಿ. ಅದರಾಚಿಗೆ ಮೋರಿ ಕಡೆ ಎರಡು ಬೆರಳು ಕೊಡು. ನೀರ ನಿಂದರಬಾರ್ದು ನೋಡು," ಎಂದೆ.

ಬೋರ್ಡು ನಿಲ್ಲುವುದು ಆ ಮೋರಿಯ ಹತ್ತಿರವೇ ಎಂಬುದು ನನಗೆ ಗೊತ್ತಿತ್ತು. ಮೇಡಂ ಹೇಳಿದ ಷರತ್ತೂ ಗೊತ್ತಿತ್ತು. ಆದರೆ ವಾಟ ಎಂಬುದು ನನಗೆ ಇಳಿಜಾರು ಅನ್ನಿಸಲೇ ಇಲ್ಲ. ನೆಲ ಅಂದಮೇಲೆ ವಾಟ ಇರುವುದೇ, ಅಷ್ಟೇ. ಬಾಗಿಲಿಗೆ ಹೊಸ್ತಿಲಿದ್ದಂತೆ. ಮೇಡಂ ಬಂದು ಗಾಡಿಯ ಜಾಗಕ್ಕೆ ಮಟ್ಟದ ಪಟ್ಟಿ ಇಟ್ಟು ನೋಡಿದಳು, ನಡುವೆ ಗುಳ್ಳೆ ನಿಂತಿತು. ಬೋರ್ಡಿನ ಕಾಲುಗಳನ್ನು ತಿರುವಿ ಅದರ ಗುಳ್ಳೆಯನ್ನೂ ನಡುವೆ ನಿಲ್ಲಿಸಿದೆವು. ಗಾಡಿ ನಿಂತಲ್ಲಿ ಮಟ್ಟ, ಬೋರ್ಡೂ ನೆಟ್ಟಗೆ. ಆದರೆ ಬೋರ್ಡು ನಿಂತ ನೆಲವೇ ಎರಡು ಬೆರಳು ಕೆಳಗಿದೆ ಎಂಬುದನ್ನು ಯಾರೂ ನೋಡಲಿಲ್ಲ. ನಮ್ಮ ನೆಲದ ಮೇಲೆ ಒಂದೊಂದಾಗಿ ಗಾಡಿಗಳ ಕಣ್ಣು ಕೂಡಿಸತೊಡಗಿದೆ. ಪ್ರತಿ ಸಲವೂ ಹಸಿರು ಗುರುತು ಬಂತು.

ಅವುಗಳಲ್ಲಿ ಒಂದು ಶಾರದಾ ಅಕ್ಕಾರದು. ಹಾನಗಲ್ಲಿನವರು, ಆಡೂರಿನ ಆಚೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಟಿಪ್ಪರಿನ ಹಿಂದೆ ಹೋಗುವಾಗ ಕಲ್ಲು ಸಿಡಿದು ಗಾಜು ಬಿರುಕು ಬಿಟ್ಟಿತ್ತು. ನಾನು ಬೋರ್ಡು ನಿಲ್ಲಿಸುವಾಗ ಅವರು ಕುರ್ಚಿಯಲ್ಲಿ ಕೂಡಲಿಲ್ಲ, ಪಕ್ಕಕ್ಕೇ ಬಂದು ನಿಂತರು.

"ಇದಕ್ಕ ಇರೂದು ಒಂದ ಕಣ್ಣ ಅಲ್ರಿ? ದೂರ ಹೆಂಗ ತಿಳೀತೈತಿ?"

ಈ ಗಾಡಿಯಲ್ಲಿ ಬೇರೆ ಯಾವ ಸಾಧನವೂ ಇಲ್ಲ, ಕ್ಯಾಮೆರಾ ಒಂದೇ ಎಂದು ಹೇಳಿ, ಮೇಡಂ ಕಲಿಸಿದ್ದನ್ನು ಗಿಳಿಪಾಠದಂತೆ ಒಪ್ಪಿಸಿದೆ. ಅಕ್ಕಾರು ನಕ್ಕು ತಮ್ಮ ಎಡಗಣ್ಣನ್ನು ಮುಟ್ಟಿ ತೋರಿಸಿದರು.

"ನಂದೂ ಒಂದ ಕಣ್ಣರಿ. ಸಣ್ಣಾಕಿದ್ದಾಗ ಜ್ವಾಳದ ದಂಟ ಚುಚ್ಚಿ ಇದು ಹೋತು. ಚಹಾ ಸುರವೂ ಮುಂದ ಕೆಟಲ್ ಮೂತಿ ಕಪ್ಪಿಗೆ ತಾಗಿಸಿ ಸುರವತೇನಿ, ಇಲ್ಲಂದ್ರ ಹೊರಗ ಬೀಳತೈತಿ. ಆದ್ರ ರಸ್ತೇದಾಗ ಹಂಗ ಆಗಂಗಿಲ್ಲ. ಮುಂದಿನ ಗಾಡಿ ಗಾಲಿ ನೆಲಾ ಎಲ್ಲಿ ಮುಟ್ಟೈತಿ ಅಂತ ನೋಡ್ತೇನಿ. ಆ ಜಾಗಾ ಕಣ್ಣಿಗೆ ಕೆಳಗ ಬಂದಷ್ಟ ಗಾಡಿ ಸಮೀಪ, ಮ್ಯಾಲ ಹೋದಷ್ಟ ದೂರ. ಮತ್ತ ಅದು ಎಷ್ಟ ಲಗೂನ ದೊಡ್ಡದಾಗಾಕತ್ತೈತಿ ಅಂತನೂ ನೋಡ್ತೇನಿ. ಇದೂ ಹಂಗ ಮಾಡತೈತೇನ್ರಿ?"

ಅದೂ ಹಾಗೇ ಮಾಡುತ್ತದೆ, ಮುಂದಿನದು ತೀರ ಹತ್ತಿರ ಬಂತು ಅನ್ನಿಸಿದರೆ ಕೂಗಿ ಎಚ್ಚರಿಸುತ್ತದೆ. ಆರು ತಿಂಗಳಿನಿಂದ ನಾನು ಬಾಯಿಪಾಠ ಹೇಳುತ್ತಿದ್ದ ಸಂಗತಿ ಅವತ್ತು ಅವರ ಬಾಯಿಂದ ನನಗೆ ಅರ್ಥವಾಯಿತು. ಡಾಕ್ಟರರ ಪರೀಕ್ಷೆ ಎಲ್ಲ ಮುಗಿಸಿ ಲೈಸೆನ್ಸ್ ತೆಗೆದುಕೊಂಡಿದ್ದೇನೆ, ಮನೆಯವರಿಗೆ ಭಯ ಇದ್ದದ್ದರಿಂದ ಈ ಕ್ಯಾಮೆರಾ ಇರುವ ಗಾಡಿಯನ್ನೇ ಹಟ ಹಿಡಿದು ಕೊಂಡೆ ಎಂದರು. ಹತ್ತನೆಯ ತರಗತಿ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದರಂತೆ. ಆ ಹೊತ್ತಿಗೆ ಅಲ್ಲಿಂದ ಬಸ್ಸಿಲ್ಲ, ಈ ಗಾಡಿ ಇದ್ದದ್ದಕ್ಕೇ ಅದು ಸಾಧ್ಯವಾಗಿತ್ತು.

ಹದಿನೈದು ದಿನಕ್ಕೆ ಮತ್ತೆ ಬಂದರು.

"ಫಕ್ಕೀರಪ್ಪನವರ, ಇದು ತಡಾ ಮಾಡಿ ಕೂಗಾಕತ್ತೈತ್ರಿ. ದಿನಾ ಮುಂಜಾನೆ ಒಂದು ಬಸ್ ರಸ್ತೇದ ಮ್ಯಾಲ ನಿಂತಿರತೈತಿ. ಮದಲ ನಾ ಬೇವಿನ ಗಿಡದ ಹತ್ರ ಬಂದಾಗ ಕೂಗತಿತ್ತು. ಈಗ ಗಿಡಾ ದಾಟಿ ಸಣ್ಣ ಸೇತುವಿ ತನಕ ಬಂದ ಮ್ಯಾಲ ಕೂಗತೈತಿ. ಅದ ವೇಗ, ಅದ ರಸ್ತೆ."

ನಾನು ಯಂತ್ರ ಜೋಡಿಸಿ ನೋಡಿದೆ. ದೋಷ ಇಲ್ಲ ಎಂದಿತು. ಬೋರ್ಡು ಇಟ್ಟು ಮತ್ತೆ ಕಣ್ಣು ಕೂಡಿಸಿದೆ. ಅದೇ ನೆಲ, ಅದೇ ಬೋರ್ಡು, ಅದೇ ಹಸಿರು ಗುರುತು. ಎಲ್ಲಾ ಬರೋಬ್ಬರಿ ಎಂದು ಕಳಿಸಿದೆ.

ಮೂರನೆಯ ಸಲ ಗಂಡನ ಜೊತೆ ಬಂದರು. ಅವರ ಗಂಡ ಮಹೇಶಪ್ಪ ಹಾನಗಲ್ಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಹಿಂದಿನ ದಿನ ಒಂದು ಎತ್ತಿನ ಬಂಡಿಯ ಹತ್ತಿರಕ್ಕೆ ಹೋಗುವ ತನಕ ಗಾಡಿ ಸುಮ್ಮನಿತ್ತಂತೆ. ಅಕ್ಕಾರ ಕಾಲು ಬ್ರೇಕಿನ ಮೇಲೆ ಇದ್ದದ್ದರಿಂದ ಬಂಡಿ ಉಳಿಯಿತು. ಅವತ್ತು ಶೆಡ್ಡಿನಲ್ಲಿ ಮೂರು ಗಾಡಿ ನಿಂತಿದ್ದವು, ಬಿಸಿಲು ತಗಡಿನಿಂದ ಇಳಿಯುತ್ತಿತ್ತು, ನನ್ನ ತಲೆ ಕೆಟ್ಟಿತ್ತು. ಅದನ್ನು ನೆವ ಮಾಡಿ ಹೇಳುತ್ತಿಲ್ಲ. ಒಬ್ಬ ಹೆಣ್ಣುಮಗಳು ಮತ್ತೆ ಬಂದು ನನ್ನ ಕೆಲಸ ಸರಿಯಿಲ್ಲ ಅನ್ನುತ್ತಿದ್ದಾಳೆ ಎಂಬುದೇ ನನ್ನ ಸಿಟ್ಟಿನ ಕಾರಣ.

"ಅಕ್ಕಾರ, ಮಷೀನ್ ಬರೋಬ್ಬರಿ ಐತಿ. ಎರಡು ಸಲ ನೋಡೇನಿ. ದೂರ ತಿಳಿಯೂದರಾಗ ಫರಕ ಬರಾಕತ್ತಿದ್ರ ಒಮ್ಮೆ ಕಣ್ಣ ತೋರಸ್ರಿ," ಎಂದೆ.

ಮಹೇಶಪ್ಪನವರು ಹೆಂಡತಿಯ ಮುಖ ನೋಡಿದರು. ಬರುವಾಗ ಗಾಡಿ ನಡೆಸಿಕೊಂಡು ಬಂದವರು ಅಕ್ಕಾರು, ಹೋಗುವಾಗ ಸ್ಟೇರಿಂಗಿನ ಮುಂದೆ ಕುಳಿತವರು ಮಹೇಶಪ್ಪ. ಗಾಡಿ ಗೇಟು ದಾಟಿದ ಮೇಲೆ ನಾನು ಸಾವ್ಕಾರರಿಗೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ಒಂದು ತಿಂಗಳಾಗಿರಬೇಕು. ಸವಣೂರಿನವರೊಬ್ಬರ ಗಾಡಿಗೆ ಕಣ್ಣು ಕೂಡಿಸಿ ಮುಗಿಸಿದ್ದೆ. ಅವರು ಶೆಡ್ಡಿನೊಳಗೇ ಪೂಜೆ ಮಾಡಿ ಹೊರಡುತ್ತೇನೆಂದು ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟರು. ಗಾಡಿ ಅಲುಗಿದಾಗ ಮೂರು ಹಣ್ಣು ಪಚಕ್ಕೆಂದವು. ನಾಲ್ಕನೆಯದು ಗಾಲಿಯಿಂದ ಜಾರಿ ಪಕ್ಕಕ್ಕೆ ಬಂತು. ಒಂದೆರಡು ಮೊಳ ಉರುಳಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಗಾಡಿ ನಿಲ್ಲುವ ಜಾಗಕ್ಕೆ ನಾವು ಎಳೆದಿದ್ದ ಬಿಳಿ ಗೆರೆ ದಾಟಿದ ಮೇಲೆ ಅದರ ಓಟ ಹೆಚ್ಚಾಯಿತು. ನೇರ ಹೋಗಿ ಬೋರ್ಡಿನ ಕಾಲಿಗೆ ಬಡಿಯಿತು.

ಮಟ್ಟದ ನೆಲದ ಮೇಲೆ ನಿಂಬೆಹಣ್ಣು ಓಡುವುದಿಲ್ಲ.

ಆ ಗಾಡಿಯನ್ನು ಅಲ್ಲೇ ನಿಲ್ಲಿಸಿದೆ. ಯಲ್ಲಪ್ಪನಿಗೆ ಹೇಳಿ ಕಳಿಸಿದೆ. ಅವನು ಗೌಂಡಿಗಳ ನೀರಿನ ಪೈಪು ತಂದ. ಒಂದು ತುದಿ ಗಾಡಿಯ ಗಾಲಿಯ ಹತ್ತಿರ, ಇನ್ನೊಂದು ಬೋರ್ಡಿನ ಹತ್ತಿರ ಹಿಡಿದೆವು. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನೀರಿಗೆ ಮುಲಾಜಿಲ್ಲ. ಬೋರ್ಡಿನ ಕಡೆ ನೆಲ ಎರಡು ಬೆರಳು ಕೆಳಗಿತ್ತು. ನಾನು ಹೇಳಿದಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಲ್ಲಪ್ಪ ಅಷ್ಟು ಚೊಕ್ಕ ಕೆಲಸಗಾರ.

ಆದದ್ದು ಇಷ್ಟು. ಬೋರ್ಡು ಇರಬೇಕಾದದ್ದಕ್ಕಿಂತ ಕೆಳಗಿತ್ತು. ಕ್ಯಾಮೆರಾ ಏನು ತಿಳಿಯಿತು? ಬೋರ್ಡು ಸರಿಯಾದ ಜಾಗದಲ್ಲೇ ಇದೆ, ನಾನೇ ಮೇಲಕ್ಕೆ ಮುಖ ಮಾಡಿ ಕುಳಿತಿದ್ದೇನೆ, ಅದಕ್ಕೇ ಎಲ್ಲವೂ ಕೆಳಗೆ ಕಾಣುತ್ತಿದೆ ಎಂದು ತಿಳಿಯಿತು. ಅವತ್ತಿನಿಂದ ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿಕೊಂಡು ನೋಡತೊಡಗಿತು. ಮುಂದಿನ ಗಾಡಿಯ ಗಾಲಿ ನೆಲ ಮುಟ್ಟುವ ಜಾಗವನ್ನೂ ಮೇಲಕ್ಕೆ ಎತ್ತಿತು. ಅಕ್ಕಾರು ಹೇಳಿಕೊಟ್ಟಿದ್ದರಲ್ಲ, ಮೇಲೆ ಹೋದಷ್ಟೂ ದೂರ. ಹತ್ತಿರ ಇದ್ದ ಬಸ್ಸು ಅದಕ್ಕೆ ದೂರ ಕಂಡಿತು. ಕೂಗುವುದು ತಡವಾಯಿತು. ಬೇವಿನ ಗಿಡದಿಂದ ಸೇತುವೆಗೆ ಬಂತು. ಆ ಹೆಣ್ಣುಮಗಳು ಒಂದೇ ಕಣ್ಣಿನಿಂದ ದೂರವನ್ನು ಅಷ್ಟು ಸರಿಯಾಗಿ ಅಳೆದಿದ್ದಳು. ಎರಡು ಕಣ್ಣಿದ್ದ ನನಗೆ ಕಾಲ ಕೆಳಗಿನ ನೆಲ ಕಾಣಲಿಲ್ಲ. ನೆಲ ಡೊಂಕೇ ಇತ್ತು.

ಮೇಡಂಗೆ ಫೋನ್ ಮಾಡಿದೆ. ನಿಂಬೆಹಣ್ಣಿನಿಂದ ಹಿಡಿದು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನಾನೂ ಎರಡೂ ತುದಿ ಬ್ಯಾರೆ ಬ್ಯಾರೆ ನೋಡಿದೆ ಕಾಕಾ, ಕೂಡಿಸಿ ನೋಡಲಿಲ್ಲ. ಎಷ್ಟ ಗಾಡಿ ಆಗ್ಯಾವು?" ಎಂದಳು.

"ಇವತ್ತಿಂದು ಬಿಟ್ಟು ಹನ್ನೊಂದವ್ವಾ."

ಸಾವ್ಕಾರರು ಕುರ್ಚಿಯಲ್ಲಿ ಕುಳಿತು ಹಣೆ ಒರೆಸಿಕೊಂಡರು. "ಯಾರಿಗೂ ಏನೂ ಆಗಿಲ್ಲಲ್ಲ ಫಕ್ಕೀರಪ್ಪ. ನೆಲಾ ಸುದ್ದ ಮಾಡಸೂಣು. ಸರ್ವಿಸಿಗೆ ಬಂದಂಗ ಒಂದೊಂದ ಸುಮ್ನ ಸರಿ ಮಾಡಿ ಕೊಡು. ಯಾರರ ಕೇಳಿದ್ರ ಗೌಂಡಿ ತಪ್ಪ ಮಾಡ್ಯಾನ ಅನ್ನು."

ಯಲ್ಲಪ್ಪ ಅಲ್ಲೇ ಪೈಪು ಸುತ್ತುತ್ತ ನಿಂತಿದ್ದ. ನನ್ನ ಮುಖ ನೋಡಿದ. ವಾಟ ಎತ್ತ ಕೊಡಲಿ ಎಂದು ಕೇಳಿದ್ದು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಹೂಂ ಅಂದುಬಿಡೋಣ ಅನ್ನಿಸಿತು. ಅಷ್ಟು ವರ್ಷದ ಹೆಸರು ಅಂದರೆ ಅಷ್ಟು ಸಣ್ಣದಲ್ಲ.

"ವಾಟ ಕೊಡು ಅಂದಾವ ನಾನ್ರೀ ಸಾವ್ಕಾರ್ರ," ಎಂದೆ. "ಮತ್ತ, ಸರ್ವಿಸಿಗೆ ಬರೂ ತನಕ ಕಾಯಾಕ ಆಗಂಗಿಲ್ರಿ. ಅಷ್ಟರಾಗ ಯಾರರ ಹೋಗಿ ಬಡದ್ರ?"

ಸಾವ್ಕಾರರು ಫೋನನ್ನು ನನ್ನ ಕಡೆ ಸರಿಸಿದರು. ಯಲ್ಲಪ್ಪ ಮರುದಿನವೇ ಆ ನೆಲ ಒಡೆದ. ಹೊಸ ಕಾಂಕ್ರೀಟ್ ಗಟ್ಟಿಯಾಗುವುದಕ್ಕೆ ದಿನ ಬೇಕಿತ್ತು. ಅಷ್ಟರಲ್ಲಿ ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ, ಗಾಡಿಯ ಕೂಗನ್ನು ನಂಬಬೇಡಿ, ತಪ್ಪು ನನ್ನದು, ಇಂಥ ದಿನ ತನ್ನಿ ಎಂದು ಹೇಳಿದೆ. ಬೈದವರು ಬೈದರು. ಹಿರೇಕೆರೂರಿನ ಬೀಜದ ವ್ಯಾಪಾರಿಯ ಮನೆಯ ಇನ್ನೊಂದು ಗಾಡಿಯೂ ಅದರಲ್ಲಿತ್ತು. ಅವನು, "ನಿಮ್ಮ ಕೈಗುಣನ ಹಿಂಗ ಐತೋ, ನನ್ನ ಗಾಡಿಗಳ ನಸೀಬ ಹಿಂಗ ಐತೋ?" ಎಂದ. ಆದರೂ ಬಂದ. ಈ ಸಲ ಮೇಡಂ ಹುಬ್ಬಳ್ಳಿಯಿಂದ ಬಂದು, ನೆಲವನ್ನು ಈ ತುದಿಯಿಂದ ಆ ತುದಿಗೆ ಅಳೆದು, ಎರಡು ದಿನ ನನ್ನ ಪಕ್ಕದಲ್ಲೇ ನಿಂತಳು. ಹತ್ತು ಗಾಡಿ ಸರಿಯಾದವು. ಯಾರಿಗೂ ಏನೂ ಆಗಿರಲಿಲ್ಲ. ಅದು ನನ್ನ ಜಾಣತನವಲ್ಲ, ಪುಣ್ಯ.

ಹನ್ನೊಂದನೆಯದು ಶಾರದಾ ಅಕ್ಕಾರದು. ಫೋನ್ ಎತ್ತಿದವರು ಮಹೇಶಪ್ಪ.

"ಗಾಡಿ ಮಾರಾಕ ಇಟ್ಟೇವ್ರಿ. ಆಕಿ ಸ್ಟೇರಿಂಗ್ ಮುಟ್ಟಿ ತಿಂಗಳ ಮ್ಯಾಲಾತು. ನೀವ ಅಂದಿರ್ಲಾ, ಕಣ್ಣ ತೋರಸ್ರಿ ಅಂತ. ತೋರಿಸಿದ್ವಿ. ಡಾಕ್ಟರ್ ಏನೂ ಫರಕಿಲ್ಲ ಅಂದ್ರು. ಆದ್ರ ಧೈರ್ಯ ಒಮ್ಮೆ ಹೋತಂದ್ರ ಹೋತ್ರಿ. ನನಗೂ ಅಂಜಿಕಿ ಹತ್ತಿತು. ಈಗ ಬಸ್ಸಿಗೆ ಹೋಗ್ತಾಳ. ಸಂಜೀ ಪಾಠ ಬಿಟ್ಟಾಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗಾಜು ಒಡೆದರೆ ಹೊಸದು ತರಿಸಬಹುದು. ನನ್ನ ಮಾತಿನಿಂದ ಒಡೆದದ್ದಕ್ಕೆ ನಾನು ಯಾವ ಅಂಗಡಿಗೆ ಹೋಗಲಿ? ನನಗೆ ಅಳು ಬಂದಿತ್ತು, ಹೇಳಲು ನಾಚಿಕೆಯಿಲ್ಲ.

ಮಾರುವುದಕ್ಕೆ ಮುಂಚೆ ಗಾಡಿ ಒಂದು ದಿನ ನನಗೆ ಕೊಡಿ ಎಂದು ಬೇಡಿಕೊಂಡೆ. ಹಾನಗಲ್ಲಿಗೆ ಹೋಗಿ ತಂದು, ಹೊಸ ನೆಲದ ಮೇಲೆ ನಿಲ್ಲಿಸಿ ಕಣ್ಣು ಕೂಡಿಸಿ, ಹೆದ್ದಾರಿಯಲ್ಲಿ ಓಡಿಸಿ ನೋಡಿ, ಮರುದಿನ ಸಂಜೆ ಅವರ ಮನೆ ಮುಂದೆ ನಿಲ್ಲಿಸಿದೆ. ಅಕ್ಕಾರು ಆಗತಾನೇ ಬಸ್ಸಿನಿಂದ ಇಳಿದು ಬಂದಿದ್ದರು. ಮಹೇಶಪ್ಪನವರು ಗಾಡಿಯ ಕೀಲಿ ಇಸಿದುಕೊಂಡು ಗೋಡೆಯ ಮೊಳೆಗೆ ಹಾಕಿದರು.

"ಬರ್ರಿ, ಕುಂದರ್ರಿ," ಎಂದರು ಅಕ್ಕಾರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಿತ್ತು.

ನಾನು ಕೂಡಲಿಲ್ಲ. ನೆಲದ ಸಂಗತಿ, ವಾಟದ ಸಂಗತಿ, ನಿಂಬೆಹಣ್ಣು, ಎಲ್ಲ ಹೇಳಿದೆ. "ನೀವು ಅಂದದ್ದು ಖರೇ ಇತ್ರಿ ಅಕ್ಕಾರ. ಗಾಡಿ ತಡಾ ಮಾಡೇ ಕೂಗತಿತ್ತು. ನಿಮ್ಮ ಕಣ್ಣ ಬರೋಬ್ಬರಿ ಇತ್ತು."

ಮಹೇಶಪ್ಪನವರಿಗೆ ಸಂಶಯ. "ಆಕೀಗೆ ಸಮಾಧಾನ ಆಗಲಿ ಅಂತ ಹೇಳಾಕತ್ತೀರೇನ್ರಿ?"

"ಸಮಾಧಾನ ಮಾಡೂ ಮನಶಾ ಆಗಿದ್ರ ಅವತ್ತ ಆ ಮಾತ ಆಡತಿರಲಿಲ್ರಿ," ಎಂದೆ.

ಅಕ್ಕಾರು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು. "ಬಾಯಿಲೆ ಹೇಳಿದ್ದು ಇಲ್ಲೆ ಉಳೀತೈತ್ರಿ. ಬರದು ಕೊಡ್ರಿ," ಎಂದರು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಾಯಿತೆಂದು ಇಷ್ಟು ವರ್ಷದಲ್ಲಿ ಯಾರಿಗೂ ಬರೆದುಕೊಟ್ಟವನಲ್ಲ. ಕುಳಿತು, ಒಂದೊಂದೇ ಅಕ್ಷರ ಕೂಡಿಸಿ ಬರೆದೆ. ನಮ್ಮ ಗ್ಯಾರೇಜಿನ ನೆಲದ ದೋಷದಿಂದ ಶಾರದಾ ಅವರ ಗಾಡಿಯ ಕ್ಯಾಮೆರಾ ತಪ್ಪಾಗಿ ಕೂಡಿತ್ತು, ಈಗ ಸರಿ ಮಾಡಲಾಗಿದೆ ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಅಕ್ಕಾರು ಓದಿದರು. ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ, ಪೆನ್ನಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ. ಓದಿ, ಹಾಳೆಯನ್ನು ನನಗೇ ತಿರುಗಿ ಕೊಟ್ಟರು.

"ಗಾಡೀದು ನೆಲದ ತಪ್ಪ ಇರಬಹುದ್ರಿ. ಕಣ್ಣ ತೋರಸ್ರಿ ಅಂದದ್ದು ನೆಲಾ ಏನ್ರಿ?"

ಮಹೇಶಪ್ಪನವರು ತಲೆ ತಗ್ಗಿಸಿದರು. ನಾನು ಹಾಳೆ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದೆ. ಶಾರದಾ ಅವರು ಎರಡು ಸಲ ಬಂದು ನಿಜ ಹೇಳಿದರು, ನಾನು ಕೇಳಲಿಲ್ಲ, ಅವರ ಕಣ್ಣಿನ ಮೇಲೆ ತಪ್ಪು ಹೊರಿಸಿದೆ, ಆ ತಪ್ಪು ನನ್ನದು. ಅದರ ಕೆಳಗೆ ಮತ್ತೆ ಸಹಿ ಹಾಕಿದೆ.

ಅಕ್ಕಾರು ಅದನ್ನು ಮತ್ತೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ, ಪರ್ಸಿನಲ್ಲಿ ಲೈಸೆನ್ಸಿನ ಹಿಂದೆ ಇಟ್ಟರು. ಎದ್ದು ಹೋಗಿ ಮೊಳೆಯಿಂದ ಕೀಲಿ ತೆಗೆದುಕೊಂಡರು.

"ಬಂಕಾಪುರಕ್ಕ ಬಸ್ ಎಷ್ಟಕ್ಕೈತ್ರಿ ನಿಮ್ಮದು?" ಎಂದು ಅಕ್ಕಾರು ನನ್ನನ್ನು ಕೇಳಿದರು. "ನಡೀರಿ, ಸ್ಟ್ಯಾಂಡಿಗೆ ಬಿಡ್ತೇನಿ."